ಹಸಿರು ಬಟ್ಟೆಯ ಪಂಕ್ತಿ

ಮನುಷ್ಯನ ಸ್ಮರಣಶಕ್ತಿ ಅವನ ಆತ್ಮದಲ್ಲಿ ನೆಲೆಸಿದೆ ಎಂದು ಹಿರಿಯರು ಹೇಳುತ್ತಿದ್ದರು. ನನ್ನದು ಕಾಲಿನ ಮೀನಖಂಡದಲ್ಲಿ ನೆಲೆಸಿತ್ತು. ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ, ಕುಮಟೆಯ ಕಡಲ ದಂಡೆಯಲ್ಲಿ, ಅದು ನನಗೆ ಗೊತ್ತಾಯಿತು.

ಆಗ ನಾನು ಹೊನ್ನಾವರದ ಒಂದು ಶಾಲೆಯಲ್ಲಿ ಹಂಗಾಮಿ ಮಾಸ್ತರ. ನನ್ನ ಹಾಗೇ ಹಂಗಾಮಿಯಾಗಿ ಇನ್ನೊಬ್ಬರಿದ್ದರು, ಭಟ್ಕಳದ ಹತ್ತಿರ ಹೆಬಳೆಯ ಗಣಿತದ ಮಾಸ್ತರರು. ಬರುವ ವರ್ಷಕ್ಕೆ ಉಳಿದದ್ದು ಒಂದೇ ಜಾಗ. ಹೆಡ್‌ಮಾಸ್ತರರು ಇಬ್ಬರನ್ನೂ ಕರೆದು, "ಕುಮಟೆಲಿ ಮಾಸ್ತರರಿಗೆ ಕಸರತ್ತಿನ ಶಿಬಿರ ಅದೆ. ಯಾರು ಮುಂದೆ ಬರ್ತೀರೋ ಅವರು ಇಲ್ಲಿ. ಇನ್ನೊಬ್ಬರು ಸೂಪಾಕ್ಕೆ. ಆತು, ಹೋಗಿ," ಎಂದರು. ಸೂಪಾ ಎಂದರೆ ಘಟ್ಟದ ಮೇಲಿನ ಕಾಡು. ಜಿಲ್ಲೆಯ ಮಾಸ್ತರರು ಊಟದ ಹೊತ್ತಿನಲ್ಲಿ ಆ ಹೆಸರು ಎತ್ತುತ್ತಿರಲಿಲ್ಲ.

ನನಗೆ ಹೊನ್ನಾವರ ಬಿಡುವ ಮನಸ್ಸಿರಲಿಲ್ಲ. ಸಂಜೆ ಶರಾವತಿಯ ದಂಡೆಯಲ್ಲಿ ಕೂತರೆ, ಆಚೆ ದಡದಿಂದ ಹೊರಟ ಲಾಂಚು ನೀರಿನ ಮೇಲಿನ ಬೆಳಕನ್ನು ಸೀಳುತ್ತ ಬರುತ್ತಲೇ ಇರುತ್ತಿತ್ತು. ತಲುಪುವ ಅವಸರ ಅದಕ್ಕೂ ಇಲ್ಲ, ನನಗೂ ಇಲ್ಲ. ನನಗಿದ್ದ ಆಸ್ತಿ ಅಷ್ಟೇ. ಗಣಿತದವರ ಚಿಂತೆ ಇದಕ್ಕಿಂತ ಗಟ್ಟಿಯಾದದ್ದು. "ಸೂಪಾದಲ್ಲಿ ಒಳ್ಳೆ ವೀಳ್ಯದೆಲೆ ಸಿಗೂದು ಸುಳ್ಳು ಮಾರಾಯ್ರೆ. ಬಾಯಲ್ಲಿ ಎಲೆ-ಅಡಿಕೆ ಕವಳ ಇಲ್ದೆ ಗಣಿತ ಹೇಳೂದು ಹ್ಯಾಂಗೆ?"

ಶಿಬಿರ ನಡೆಸಿದವರು ಧಾರವಾಡ ಕಡೆಯ ನಿವೃತ್ತ ಹವಾಲ್ದಾರರು. ಕಣ್ಣೂ ನೆನಪೂ ದಣಿವಿನಲ್ಲೇ ಪಳಗಬೇಕು ಎಂಬುದು ಅವರ ಸಿದ್ಧಾಂತ. "ನೆಳ್ಳಾಗ ಕುಂತು ನೋಡಿದ್ದು ನೋಡಿದ್ದಲ್ರೀ ಮಾಸ್ತರ," ಎನ್ನುತ್ತಿದ್ದರು, ನೆರಳಿನಲ್ಲಿ ಕೂತು. ನಾವು ಒದ್ದೆ ಮರಳಿನ ಚೀಲ ಹೆಗಲಿಗೇರಿಸಿ ದಂಡೆಯಲ್ಲಿ ಓಡಬೇಕು, ಗುಡ್ಡ ಹತ್ತಬೇಕು. ಮೇಲೆ ಹಸಿರು ಬಟ್ಟೆಯೊಂದರ ಮೇಲೆ ಚಿಲ್ಲರೆ ಸಾಮಾನು ಹರಡಿರುತ್ತಿತ್ತು. ಸೀಟಿ ಊದುವ ತನಕ ನೋಡಿ, ಮತ್ತೆ ಇಳಿದು, ಕಡಲಿಗೆ ಕಾಲು ಮುಟ್ಟಿಸಿ, ಹತ್ತಿ ಬಂದು ಕಂಡದ್ದನ್ನು ಒಪ್ಪಿಸಬೇಕು. ಮೊದಲ ದಿನ ನಾನು ಏದುಸಿರು ಬಿಡುತ್ತ ಒಪ್ಪಿಸಿದ್ದು ಒಂದೇ ವಸ್ತು: ಮರಳು. ಅದು ಬಟ್ಟೆಯ ಮೇಲೆ ಇರಲಿಲ್ಲ.

ನನ್ನನ್ನು ಕಾಪಾಡಿದ್ದು ಹಸಿವು. ಒಂದು ಮಧ್ಯಾಹ್ನ ಗುಡ್ಡದ ತುದಿಯಲ್ಲಿ ಕಣ್ಣು ಕತ್ತಲಿಟ್ಟು ಬರುವಾಗ, ಆ ಹಸಿರು ಬಟ್ಟೆ ಮೆಲ್ಲಗೆ ಬಾಳೆಲೆಯಾಯಿತು. ಎಡಕ್ಕೆ ಎಲೆಯ ಕುಡಿ. ಕುಡಿಯ ಬಳಿ ಉಪ್ಪು ಬಡಿಸುವಲ್ಲಿ ಒಂದು ಬೀಗದ ಕೈ. ಉಪ್ಪಿನಕಾಯಿಯ ಜಾಗದಲ್ಲಿ ಗಾಳದ ಕೊಕ್ಕೆ, ಕೋಸಂಬರಿಗೆ ಗುಂಡಿ, ಪಲ್ಯಕ್ಕೆ ಕಪ್ಪೆಚಿಪ್ಪು, ನಡುವೆ ಅನ್ನದ ಹಾಗೆ ಬೆಳ್ಳನೆಯ ಹತ್ತಿಯುಂಡೆ. ಇಳಿಯುವಾಗ ಕಾಲು ನನ್ನದಾಗಿರಲಿಲ್ಲ. ಬಿಸಿಲಿನ ಝಳದಲ್ಲಿ ಕಡಲು ಎದ್ದು ನಿಂತಂತೆ, ದಂಡೆಯುದ್ದಕ್ಕೂ ಮುಗಿಯದ ಪಂಕ್ತಿ ಕೂತಂತೆ, ತೀರಿಹೋದ ನನ್ನ ಅಜ್ಜಿ ಸೊಂಟ ಬಗ್ಗಿಸಿ ಎಲೆಯಿಂದ ಎಲೆಗೆ ಬೀಗದ ಕೈ ಬಡಿಸುತ್ತ ಬಂದಂತೆ. "ಸಾಕು, ಅಜ್ಜಿ," ಎಂದೆನೋ ಏನೋ. ನೊರೆ ಕಾಲಿಗೆ ತಾಗಿ ತಣ್ಣಗಾಯಿತು. ಮೇಲೆ ಬಂದು ಬಡಿಸಿದ ಕ್ರಮದಲ್ಲೇ ಎಲ್ಲವನ್ನೂ ಹೇಳಿದೆ. ಹವಾಲ್ದಾರರು ಮೀಸೆಯ ಮೇಲೆ ಕೈಯಾಡಿಸಿದರು. ಅವರ ಶಾಸ್ತ್ರದಲ್ಲಿ ಅದು ಹೊಗಳಿಕೆ.

ಕೊನೆಯ ದಿನ ಪರೀಕ್ಷೆ. ಅವತ್ತೂ ಬಟ್ಟೆ ನನಗೆ ಬಾಳೆಲೆಯೇ, ಉಪ್ಪಿನ ಜಾಗದಲ್ಲಿ ಅದೇ ಬೀಗದ ಕೈ. ನೋಡಿ ಇಳಿದು ಹತ್ತಿ ಬಂದ ಮೇಲೆ, ಬಟ್ಟೆಯನ್ನು ಇನ್ನೊಮ್ಮೆ ತೋರಿಸಿ ಅವರು ಕೇಳಿದರು: "ಈಗ ಏನು ಕಡಿಮಿ ಆಗೇತಿ ಹೇಳ್ರಿ."

ಏದುಸಿರಿನ ನಡುವೆ ಒಬ್ಬರು ಕತ್ತರಿ ಎಂದರು. ಇನ್ನೊಬ್ಬರು ಬುಗುರಿ ಎಂದರು. ಗಣಿತದವರು ಬಲಗಡೆಯ ಮೂಲೆಯನ್ನೇ ದಿಟ್ಟಿಸಿ, ತವರು ಕಳೆದುಕೊಂಡವರ ದನಿಯಲ್ಲಿ, "ಸುಣ್ಣದ ಡಬ್ಬಿ. ಇಲ್ಲೇ ಇತ್ತು. ನಾ ಅದನ್ನೇ ಕಂಡ್ಕಂಡು ಗುಡ್ಡ ಇಳದಿದ್ದೆ," ಎಂದರು.

ನನ್ನ ಕಣ್ಣು ಉಪ್ಪು ಹುಡುಕಿತು. ಬೀಗದ ಕೈ ಬಲತುದಿಯಲ್ಲಿತ್ತು. ಕುಡಿ ಬಲಕ್ಕೆ! ನಮ್ಮ ಮನೆಯಲ್ಲಿ ಹಾಗೆ ಎಲೆ ಬಿದ್ದರೆ ಅಶುಭವೆಂದು ಅಜ್ಜಿ ಬಡಿಸುವುದನ್ನೇ ನಿಲ್ಲಿಸುತ್ತಿದ್ದಳು. ಪರೀಕ್ಷೆ, ಸೂಪಾ, ಹವಾಲ್ದಾರರ ಮೀಸೆ ಎಲ್ಲ ಮರೆತು ಮನೆಮಾತಿನಲ್ಲೇ ಕೂಗಿದೆ: "ಎಂತ ಇದು! ಎಲೆ ತಿರುಗ್ಸಿ ಹಾಕಿದ್ದಿ! ತಿಥಿ ಊಟವಾ?"

"ಎಲಿ? ಎಲ್ಲಿ ಎಲಿ?" ಹವಾಲ್ದಾರರು ಸುತ್ತ ನೋಡಿದರು. ನಾನು ಬಟ್ಟೆಯ ಕಡೆ ಕೈ ತೋರಿಸಿದೆ. ಅವರು ಮೀಸೆಯ ಮೇಲೆ ಕೈಯಾಡಿಸಿ, "ಖರೆ ಐತಿ. ಒಂದೂ ತಗದಿಲ್ಲ, ಬಟ್ಟಿ ತಿರುಗಿಸೇನಿ ಅಷ್ಟ," ಎಂದರು.

ಸುಣ್ಣದ ಡಬ್ಬಿ ಗಣಿತದವರ ಎಡಗಾಲಿನ ಹತ್ತಿರವೇ ಇತ್ತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. "ನೀವು ನೆನಪಿಟ್ಟದ್ದಲ್ಲ ಮಾರಾಯ್ರೆ, ಉಂಡದ್ದು," ಎಂದರು. ಆಮೇಲೆ ಹವಾಲ್ದಾರರ ಅಪ್ಪಣೆ ಕೇಳಿ, ಆ ಡಬ್ಬಿಯಿಂದಲೇ ಸುಣ್ಣ ತೆಗೆದು ಕವಳ ಹಾಕಿದರು. ನಾವಿಬ್ಬರೂ ಚೀಲದ ಮರಳನ್ನು ದಂಡೆಗೆ ಸುರಿದು, ಸಂಜೆಯ ಬಸ್ಸಿನಲ್ಲಿ ಹೊನ್ನಾವರಕ್ಕೆ ಬಂದೆವು.

ಜೂನ್ ತಿಂಗಳಲ್ಲಿ ನಾನು ಹೊನ್ನಾವರದಲ್ಲಿ ಉಳಿದೆ, ಅವರು ಸೂಪಾಕ್ಕೆ ಹೋದರು. ಅಲ್ಲಿ ವೀಳ್ಯದೆಲೆ ಸಿಗುತ್ತಿತ್ತು.