ಭಾವ ತೆಗೆಸಿದ ಫಾಲ್ತು ಸಾಮಾನು

ಗೆಳೆಯರೇ, ಈ ಪ್ರಯಾಣದ ಒಟ್ಟು ಖರ್ಚು: ಗ್ಯಾರೇಜಿಗೆ ಎರಡೂವರೆ ಸಾವಿರ, ಆಟೊಗೆ ಮುನ್ನೂರು, ಭಾವನ ಮರ್ಯಾದೆ ಪೂರ್ತಿ.

ಕಾರಿನ ಇಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್ ಕೊಳವೆಯಲ್ಲಿ ಫ್ಲಾಪ್ ಎಂಬ ಒಂದು ಪುಟ್ಟ ಕದ ಇರುತ್ತದೆ. ನಿಧಾನ ಹೋಗುವಾಗ ಗಾಳಿಯನ್ನು ಉದ್ದ ದಾರಿಯಲ್ಲಿ ಕಳಿಸಿ ಎಳೆಯುವ ಬಲ ಕೊಡುತ್ತದೆ, ವೇಗ ಹಿಡಿದಾಗ ಗಿಡ್ಡ ದಾರಿ ತೆರೆಯುತ್ತದೆ. ನಾಶಿಕದ ನನ್ನ ಭಾವ ಗ್ಯಾರೇಜಿನವನ ಮಾತು ಕೇಳಿ ಅದನ್ನೇ ಕೀಳಿಸಿದ್ದರು.

"ಫಾಲ್ತು ಸಾಮಾನ್ರೀ ಅದು, ಕೆಲಸಕ್ಕ ಬಾರದ್ದು. ಈಗ ಗಾಡಿ ಹೆಂಗ ಓಡ್ತದ ನೋಡ್ರಿ!" ಎಂದರು ಹೊರಡುವಾಗ.

ಯೇವಲಾದ ಸಪಾಟು ರಸ್ತೆಯಲ್ಲಿ ಓಡಿತು, ಸುಳ್ಳೇಕೆ ಹೇಳಲಿ?

ಹನ್ನೊಂದಕ್ಕೆ ವೇರೂಳದ ಗುಡಿಯಲ್ಲಿ ಅಕ್ಕನ ಅಭಿಷೇಕವಿತ್ತು. ದೌಲತಾಬಾದ್ ದಾಟಿ ಘಾಟ್ ರಸ್ತೆ ಏರುವಾಗ ಲಾರಿಯೊಂದು ಅಡ್ಡ ಬಂದು ನಾವು ನಿಧಾನವಾದೆವು. ಅಷ್ಟಕ್ಕೇ ಕಾರು ಏದುಸಿರು ಬಿಟ್ಟು ಬಂದ್ ಬಿತ್ತು. ಮತ್ತೆ ಚಾಲು ಮಾಡಿದರೆ ಹಿಂದಕ್ಕೇ ಜಾರಿತು.

"ಗಾಡೀಗೆ ಮಂದಿ ವಜ್ಜಾ ಆಗ್ಯದ. ಎಲ್ಲಾರೂ ಜರಾ ಇಳೀರಿ," ಎಂದರು ಭಾವ.

ಬೆಳಗಿನಿಂದ ಉಪವಾಸವಿದ್ದ ಅಕ್ಕ ಇಳಿದವಳೇ ಆಟೊ ನಿಲ್ಲಿಸಿದಳು.

"ನಾನೂ ಫಾಲ್ತು ಸಾಮಾನ್ರೀ, ಇಳದೀನಿ. ಈಗ ಓಡಸ್ರಿ, ನೋಡೂಣು!"

ಹೊರಟೇಬಿಟ್ಟಳು.

ಲೆಕ್ಕ ಇಷ್ಟೇ. ಅಕ್ಕನಿಗೆ ಅಭಿಷೇಕ ಸಿಕ್ಕಿತು, ಆಟೊದವನಿಗೆ ಬಾಡಿಗೆ. ಗ್ಯಾರೇಜಿನವನಿಗೆ ಕೂಲಿಯೂ ಸಿಕ್ಕಿತು, ಇನ್ನೊಬ್ಬರಿಗೆ ಮಾರಲು ಫ್ಲಾಪೂ ಸಿಕ್ಕಿತು. ಭಾವನಿಗೆ ಘಾಟಿನ ತುಂಬಾ ಹಿಂದಿನ ಗಾಡಿಗಳ ಹಾರ್ನ್.