ಅಮಾಸಿ ಸಭೆಯ ಅಧ್ಯಕ್ಷರು

ಅವರ ಕತ್ತಿನ ಹಿಂದೆ, ಬೆನ್ನು ಶುರುವಾಗುವಲ್ಲಿ, ದೊಡ್ಡ ಲಿಂಬೆಹಣ್ಣಿನಷ್ಟು ಒಂದು ಗಡ್ಡೆಯಿತ್ತು. ರೋಗದ ಗಡ್ಡೆಯಲ್ಲ. ಮೀಸೆ ಮೂಡುವ ಮೊದಲಿನಿಂದ ಚೀಲಗಳು ಅದೇ ಜಾಗದಲ್ಲಿ ಕೂತು ಕೂತು ಚರ್ಮ ದಪ್ಪಗಟ್ಟಿ, ಕಪ್ಪಾಗಿ, ನೊಗ ಹೊತ್ತ ಎತ್ತಿನ ಹೆಗಲಿನಂತಾಗಿತ್ತು. ಸಂಜೆ ಗೋದಾಮಿನ ಕಟ್ಟೆಯ ಮೇಲೆ ಕೂತು ಅದಕ್ಕೆ ಔಡಲೆಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಬಾಯಲ್ಲಿ ಎಲೆ, ತಂಬಾಕು. ತಿಕ್ಕುವುದು, ಉಗುಳುವುದು, ಮತ್ತೆ ತಿಕ್ಕುವುದು, ಮತ್ತೆ ಉಗುಳುವುದು. ಗೋದಾಮಿನ ಗೋಡೆ ಸೊಂಟದೆತ್ತರಕ್ಕೆ ಕೆಂಪಾಗಿತ್ತು. ನನಗೆ ಅವರ ಮೇಲೆ ಮೊದಲು ಹುಟ್ಟಿದ್ದು ಗೌರವವಲ್ಲ, ಹೇಸಿಗೆ. ಹೇಸುವುದು ನನ್ನ ಹುಟ್ಟುಗುಣ. "ಈಕಿ ಮೂಗು ಮುರಕೊಂಡ ಹುಟ್ಟಿ ಬಂದಾಳ" ಎಂದು ನನ್ನ ಅತ್ತೆ ಓಣಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ಅವರು ನಮ್ಮ ಪೇಟೆಯ ಹಮಾಲರ ಸಂಘದ ಅಧ್ಯಕ್ಷರು. ಹಿರೇಬೆಂಡಿಗೇರಿಯಲ್ಲಿ ಹುಟ್ಟಿ ಎಸ್ಸೆಸ್ಸೆಲ್ಸಿವರೆಗೆ ಓದಿದ ನಾನು ಮದುವೆಯಾಗಿ ಹಾನಗಲ್ಲ ಸೀಮೆಗೆ ಬಂದಾಗ, ಅತ್ತೆ ನನ್ನ ಕೈಗೆ ಕೊಟ್ಟದ್ದು ಒಂದು ಮೊರ. ನಮ್ಮ ಮಾತಿನಲ್ಲಿ ಮರ. ರೈತರು ಪೇಟೆಗೆ ತಂದ ಗೋವಿನಜೋಳ, ಶೇಂಗಾ, ಭತ್ತವನ್ನು ನಾವು ಹೆಂಗಸರು ಕೇರಿ ಹಸನು ಮಾಡಬೇಕು; ಹಸನಾದದ್ದನ್ನು ಗಂಡಸರು ಚೀಲ ತುಂಬಿ ಹೊರಬೇಕು. ಗಂಡಸರಿಗೆ ಕೈಗೆ ಕೂಲಿ. ನಮಗೆ, ನೆಲಕ್ಕೆ ಬಿದ್ದ ಕಾಳು. ಅದನ್ನು ಮಣ್ಣು, ಹಿಕ್ಕೆ, ಕೆಲವೊಮ್ಮೆ ಯಾರೋ ಉಗುಳಿದ ಎಲೆಯ ಸಮೇತ ಸೆರಗಿಗೆ ಬಳಿದುಕೊಂಡು ಮನೆಗೆ ಹೋಗಬೇಕಿತ್ತು. ಕೋಳಿಗೆ ಹಾಕುವುದನ್ನು ನಮಗೆ ಕೂಲಿ ಎಂದು ಕೊಡುತ್ತಿದ್ದರು. ಮೊದಲ ದಿನ ಅದನ್ನು ಬೀಸಿ ರೊಟ್ಟಿ ಬಡಿದಾಗ ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಇದನ್ನು ಎಲ್ಲಿ ಹೇಳಬೇಕು? ಸಂಘದ ಸಭೆಯಲ್ಲಿ. ಆದರೆ ಸಭೆಯಲ್ಲಿ ನಮಗೆ ಮಾತಿರಲಿಲ್ಲ.

ಸಭೆ ನಡೆಯುತ್ತಿದ್ದುದು ಪ್ರತಿ ಅಮಾವಾಸ್ಯೆಗೆ. ಅಮಾಸಿಗೆ ಪೇಟೆ ಬಂದ್, ಎತ್ತಿಗೂ ಬಿಡುವು, ಹಮಾಲನಿಗೂ ಬಿಡುವು. ತಲೆಗೆ ಎರೆದುಕೊಂಡು, ತೊಳೆದ ಅಂಗಿ ಹಾಕಿಕೊಂಡು ಎಲ್ಲರೂ ಗೋದಾಮಿನ ಕಟ್ಟೆಯ ಮುಂದೆ ನೆಲದ ಮೇಲೆ ಕೂರುತ್ತಿದ್ದರು. ಚುರಮರಿ, ಮಿರ್ಚಿ, ಚಹಾ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಲ್ಕೂ ಕಡೆಯ ಸಂಘದವರು ಆಗೀಗ ಒಬ್ಬರ ಸಭೆಗೆ ಒಬ್ಬರು ಬರುವುದಿತ್ತು. ಸವಣೂರಿನವರು ಬಂದರೆ ಎಲೆಯ ಪೆಂಡಿಯೂ ಬರುತ್ತಿತ್ತು, ಗೋಡೆ ಇನ್ನಷ್ಟು ಕೆಂಪಾಗುತ್ತಿತ್ತು.

ಅಧ್ಯಕ್ಷರದೊಂದು ಕಾಯಿದೆ ಇತ್ತು. ಕಟ್ಟೆಗೆ ಒಂದು ಹಲಗೆ ಆನಿಸಿ, ಅದರ ಬುಡದಲ್ಲಿ ಒಂದು ತುಂಬಿದ ಚೀಲ ಇಡಿಸುತ್ತಿದ್ದರು. ಸಭೆಯಲ್ಲಿ ಮಾತಾಡಬೇಕೆನ್ನುವವನು ಮೊದಲು ಆ ಚೀಲ ಹೊತ್ತು, ಹಲಗೆ ಹತ್ತಿ, ಒಳಗಿನ ಥಪ್ಪಿಗೆ ಹಚ್ಚಿ, ಅಂದರೆ ಚೀಲದ ಮೇಲೆ ಚೀಲ ಒಟ್ಟಿದ ರಾಶಿಗೆ ಸೇರಿಸಿ, "ಹಚ್ಚೇನ್ರೀ" ಎಂದು ಕೂಗಬೇಕು. ಹಚ್ಚಿದ್ದೇನೆ, ಲೆಕ್ಕಕ್ಕೆ ತಗೊಳ್ಳಿ ಎಂದು ದಿನವೂ ಚೀಲ ಎಣಿಸುವ ಗುಮಾಸ್ತನಿಗೆ ಕೂಗುವ ಕೂಗೇ ಅದು. ಅದಾದ ಮೇಲೆ ಮಾತು. ಮುದುಕರಿಗೆ, ಮೈಯಲ್ಲಿ ಹುಷಾರಿಲ್ಲದವರಿಗೆ ಸಣ್ಣ ಚೀಲ. "ಮೊದಲ ಮೈ ಬಗ್ಗಲಿ, ಆಮ್ಯಾಲ ಬಾಯಿ ತೆರೀಲಿ" ಎನ್ನುತ್ತಿದ್ದರು. ಇದರಿಂದಾಗಿ ನಮ್ಮ ಸಭೆಗಳಲ್ಲಿ ಯಾರೂ ಸುಮ್ಮಸುಮ್ಮನೆ ಬಾಯಿ ಬಿಡುತ್ತಿರಲಿಲ್ಲ.

ಒಮ್ಮೆ ದೊಡ್ಡ ಊರಿನಿಂದ ಒಬ್ಬ ಮುಖಂಡರು ಬಂದರು. ಬಿಳಿ ಪೈಜಾಮ, ಬಿಳಿ ಜುಬ್ಬಾ, ಜೇಬಿನಲ್ಲಿ ಮಡಿಚಿದ ಭಾಷಣ. ಅಧ್ಯಕ್ಷರು ಕೈಮುಗಿದು ಚೀಲ ತೋರಿಸಿದರು. ಮುಖಂಡರು ಚೇಷ್ಟೆ ಎಂದುಕೊಂಡು ನಕ್ಕರು. ಯಾರೂ ನಗದಿದ್ದಾಗ ಹೊತ್ತರು, ಸುಳ್ಳು ಹೇಳಬಾರದು. ಹಲಗೆಯ ನಡುವೆ ಕಾಲು ನಡುಗಿ, "ಯಾರರೆ ಸ್ವಲ್ಪ ಹಿಡಕೊಳ್ರಪಾ" ಎಂದರು. ಒಬ್ಬ ಹುಡುಗ ಏಳಹೋದ. ಅಧ್ಯಕ್ಷರು ಅವನ ರಟ್ಟೆ ಹಿಡಿದು ಕೂರಿಸಿದರು.

"ನಡು ಹಲಗಿ ಮ್ಯಾಲ ಹೆಗಲು ಬದಲ ಮಾಡೂದಿಲ್ರಿ ಸಾಹೇಬ್ರ. ಹೊತ್ತವ ಬೀಳ್ತಾನ, ಇಸಗೊಂಡವನೂ ಬೀಳ್ತಾನ. ಹೊತ್ತೀರಿ ಅಂದ್ರ ಥಪ್ಪಿಗೆ ಹಚ್ಚೂದು ನಿಮ್ಮದ."

ಮುಖಂಡರು ಹೇಗೋ ಹಚ್ಚಿದರು. ಆಮೇಲೆ ಏದುಸಿರಿನಲ್ಲಿ ನಾಲ್ಕು ಮಾತಾಡಿ ಕೂತರು. ಜೇಬಿನ ಭಾಷಣ ಜೇಬಿನಲ್ಲೇ ಉಳಿಯಿತು. ಹಮಾಲರು ಅಂಥ ಚಪ್ಪಾಳೆ ಯಾವ ಭಾಷಣಕ್ಕೂ ಹೊಡೆದಿರಲಿಲ್ಲ.

ಚಂದದ ಕಾಯಿದೆ. ಆದರೆ ಅದರಲ್ಲೇ ಒಂದು ಹುಳುಕಿತ್ತು, ಅದು ಅಧ್ಯಕ್ಷರಿಗೆ ಕಾಣಿಸಿರಲಿಲ್ಲ. ಚೀಲ ಹೊರುವ ಕಸಬಿನವರಲ್ಲದವರಿಗೆ ಬಾಯಿಲ್ಲ ಎಂದಾಯಿತು. ನಾವು ಹೆಂಗಸರು ದೂರದ ಬೋರಿಂಗಿನ ಹತ್ತಿರ ಚಹಾ ಕಾಸುತ್ತ, ನಮ್ಮ ಪೇಟೆಯ ಸಂಗತಿಯನ್ನೇ ಪರರ ಮನೆಯ ಮದುವೆಯಂತೆ ನೋಡುತ್ತ ಕೂರಬೇಕಿತ್ತು. ಹೆಣ್ಣುಮಕ್ಕಳನ್ನು ಸಂಘಕ್ಕೆ ಸೇರಿಸಿಕೊಳ್ಳಿ ಎಂದು ನನ್ನತ್ತೆ ಕೇಳಿದಾಗಲೆಲ್ಲ, "ಚೀಲ ಹೊತ್ತರ ಯಾರರೆ ಬರ್ರಿ, ನಾ ಏನ್ ಬ್ಯಾಡ ಅಂದೇನಿ?" ಎಂದು ಅಧ್ಯಕ್ಷರು ಪಚಕ್ಕನೆ ಉಗುಳುತ್ತಿದ್ದರು.

ಒಂದು ಅಮಾವಾಸ್ಯೆ ನನಗೆ ತಡೆಯಲಿಲ್ಲ. ಚಹಾದ ಕೆಟಲ್ ಅಲ್ಲೇ ಇಟ್ಟು, ಮರ ಎತ್ತಿಕೊಂಡು ಗಂಡಸರ ನಡುವೆ ಹೋಗಿ ನಿಂತೆ.

"ಅಧ್ಯಕ್ಷರ, ನನಗೊಂದ ಮಾತ ಆಡೂದೈತ್ರಿ."

"ಆಡು ತಂಗಿ. ಚೀಲ ಅಲ್ಲೈತಿ ನೋಡು."

ಗಂಡಸರು ನಕ್ಕರು. ನನ್ನ ಗಂಡನೂ ಅವರ ಜತೆ ನಕ್ಕ. ಅದಕ್ಕೆ ಮನೆಯಲ್ಲಿ ಬೇರೆ ಲೆಕ್ಕ ಚುಕ್ತಾ ಮಾಡಿದೆ, ಆ ಮಾತು ಇಲ್ಲಿ ಬೇಡ.

"ಚೀಲ ಹೊರೂದು ನಿಮ್ಮ ಕಸಬ್ರಿ. ನಮ್ಮ ಕಸಬು ಹಸನ ಮಾಡೂದು. ನಾವು ಹಸನ ಮಾಡ್ಲಿಲ್ಲಂದ್ರ ನಿಮಗ ಹೊರಾಕ ಚೀಲರೆ ಎಲ್ಲಿಂದ ಬರ್ತೈತಿ? ತಗೋರಿ, ಈ ಮರಾ ಹಿಡೀರಿ. ಒಂದ ಮರ ಗ್ವಾಂಜ್ವಾಳ ಹಸನ ಮಾಡ್ರಿ. ಆಮ್ಯಾಲ ನಾವು ಮಾತಾಡಬೇಕೊ ಬ್ಯಾಡೊ ನೀವ ಹೇಳ್ರಿ."

ನಗು ನಿಂತಿತು. ಅಧ್ಯಕ್ಷರು ನನ್ನನ್ನು ಕೆಕ್ಕರಿಸಿ ನೋಡಿದರು. ಅವರ ಸಿಟ್ಟು ಎಲ್ಲರಿಗೂ ಗೊತ್ತು, ಬೈದೇಬಿಡುತ್ತಾರೆ ಎಂದುಕೊಂಡೆ. ಆದರೆ ಬಾಯಲ್ಲಿದ್ದದ್ದನ್ನು ಉಗುಳಿ ಬಂದು ಮರ ಇಸಿದುಕೊಂಡರು. ಕುಕ್ಕರಗಾಲಲ್ಲಿ ಕೂತು ಒಂದು ಸಲ ಕೇರಿದರು. ಹೊಟ್ಟು, ಧೂಳು, ರವುದಿಯೆಲ್ಲ ಅವರ ಮುಖಕ್ಕೇ ಬಂತು. ಇನ್ನೊಂದು ಸಲಕ್ಕೆ ಕಾಳು ನೆಲಕ್ಕೆ ಹಾರಿ, ರವುದಿ ಮರದಲ್ಲೇ ಉಳಿಯಿತು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಕೆಮ್ಮು. ಮೊದಲು ನಕ್ಕವಳು ನನ್ನ ಅತ್ತೆ. ಆಮೇಲೆ ಸಭೆಗೆ ಸಭೆಯೇ ನಕ್ಕಿತು.

ಅಧ್ಯಕ್ಷರು ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು ಎದ್ದರು.

"ಇದು ನನಗ ಬರೂದಿಲ್ಲ. ನಾ ತಪ್ಪ ತಿಳಕೊಂಡಿದ್ದೆ. ಚೀಲ ಹೊತ್ತವನ ದುಡಿದವ ಅಂತ ತಿಳಿದಿದ್ದೆ. ಇವತ್ತಿಂದ ಯಾರ ಕಸಬು ಯಾವದೈತೊ, ಅದನ್ನ ಮಾಡಿ ಮಾತಾಡೂದು. ಹೂಂ, ಮಾಡು ತಂಗಿ."

ನಾನು ಅವರ ಕೈಯಿಂದ ಮರ ತೆಗೆದುಕೊಂಡು ಹಸನು ಮಾಡಿದೆ. ಚೆಲ್ಲಿದ್ದನ್ನೂ ಬಿಡದೆ ಬಳಿದು ಮಾಡಿದೆ. "ಹಚ್ಚೇನ್ರೀ" ಎಂದು ಕೂಗಿದೆ. ಹುಟ್ಟಿದಂದಿನಿಂದ ನಾನು ಅಷ್ಟು ಗಟ್ಟಿಯಾಗಿ ಕೂಗಿರಲಿಲ್ಲ. ಆಮೇಲೆ ಹೇಳಬೇಕಾದದ್ದು ಹೇಳಿದೆ: ಬಿದ್ದ ಕಾಳು ಕೋಳಿಗೆ ಹಾಕಿ, ನಮಗೆ ಕೈಗೆ ಕೂಲಿ ಕೊಡಿಸಿ, ಸಂಘದಲ್ಲಿ ನಮ್ಮನ್ನೂ ಸೇರಿಸಿಕೊಳ್ಳಿ. ಬಾಯಿ ಬಿಟ್ಟಾಗಿತ್ತಲ್ಲ, ಕಡೆಗೆ ಇನ್ನೊಂದು ಸೇರಿಸಿದೆ. "ಮತ್ತ ಆ ಗ್ವಾಡಿಗೆ ಉಗುಳೂದು ಬಿಡ್ರಿ. ಇನ್ನ ಅದರ ಬುಡಕ ನಾವೂ ಕುಂದ್ರಾವ್ರು."

ಸಂಘಕ್ಕೆ ಸೇರಿದೆವು. ಕೂಲಿಗೆ ಒಂದಷ್ಟು ದಿನ ಪೇಟೆ ನಿಲ್ಲಿಸಬೇಕಾಯಿತು, ನಿಲ್ಲಿಸಿದರು; ನಮ್ಮ ಸಲುವಾಗಿ ಗಂಡಸರು ಚೀಲ ಮುಟ್ಟಲಿಲ್ಲ. ಕೂಲಿ ಬಂತು. ತಂಬಾಕು ಮಾತ್ರ ಅಧ್ಯಕ್ಷರು ಬಿಡಲಿಲ್ಲ. ಮುಂದಿನ ಅಮಾವಾಸ್ಯೆಗೆ ಒಂದು ಡಾಲ್ಡಾ ಡಬ್ಬಿ ಬಗಲಲ್ಲಿಟ್ಟುಕೊಂಡು ಬಂದು ನನ್ನ ಎದುರಿಗೇ ಕೂತು, ಅದರಲ್ಲಿ ಉಗುಳಿ, "ಆತೇನ್?" ಎಂದರು. ಅದೂ ಹೇಸಿಗೆಯೇ. ಆದರೆ ನನಗೆ ನಗು ಬಂತು.

ಈಗಿನ ಸಂಗತಿ ಬರೆಯಲು ಕೂತರೆ ಪೆನ್ನೇ ಹೇಸುತ್ತದೆ. ಸಂಘ ಇದೆ. ಅಮಾವಾಸ್ಯೆಯೂ ತಪ್ಪದೆ ಬರುತ್ತದೆ. ಸಭೆ ಇಲ್ಲ. "ಗ್ರೂಪಿನಾಗ ಹಾಕಿರ್ತೇವಲ್ರಿ" ಎನ್ನುತ್ತಾರೆ. ಗ್ರೂಪಿನಲ್ಲಿ ಏನಿರುತ್ತದೆ? ಬೆಳಿಗ್ಗೆ ಗುಲಾಬಿ ಹೂವು, ಮಧ್ಯಾಹ್ನ ಯಾರದೋ ಹುಟ್ಟುಹಬ್ಬ. ವರ್ಷಕ್ಕೊಮ್ಮೆ ಕಲ್ಯಾಣಮಂಟಪದಲ್ಲಿ ವಾರ್ಷಿಕ ಸಭೆಯೆಂಬ ಜಾತ್ರೆ. ಊಟದ ಖರ್ಚು ವ್ಯಾಪಾರಸ್ಥರದು. ಯಾರ ಎದುರು ಕೂಲಿ ಕೇಳಬೇಕೋ ಅವರದೇ ಹೋಳಿಗೆ ತಿಂದು, ಅವರಿಗೇ ಶಾಲು ಹೊದಿಸಿ ಹಲ್ಲು ಕಿರಿಯುತ್ತಾರೆ. ಈಗಿನ ಅಧ್ಯಕ್ಷ ಸ್ವಂತ ಲಾರಿ ಓಡಿಸುವ ಮನುಷ್ಯ, ಹಮಾಲರನ್ನು ಕಂತ್ರಾಟಿಗೆ ಕೊಡುವವನೂ ಅವನೇ. ಹಸನು ಮಾಡುವ ಮಷೀನು ಬಂದ ವರ್ಷ ಹೆಂಗಸರನ್ನು ಸಂಘದಿಂದ ತೆಗೆದುಹಾಕಿದರು. ಯಾರನ್ನೂ ಕೇಳಲಿಲ್ಲ. ನಾನು ಅಷ್ಟರಲ್ಲಿ ಅಂಗನವಾಡಿ ಸೇರಿದ್ದೆ. ನನ್ನ ಹೊಟ್ಟೆಗೆ ತೊಂದರೆಯಾಗಲಿಲ್ಲ, ಆದರೆ ಕೇಳಿದ ದಿನ ಮೈಯೆಲ್ಲ ಉರಿಯಿತು.

ಹಳೆಯ ಅಧ್ಯಕ್ಷರು ಮಾತ್ರ ಅಮಾವಾಸ್ಯೆಗೆ ಕಟ್ಟೆಗೆ ಬರುವುದನ್ನು ಬಿಡಲಿಲ್ಲ. ಚೀಲ ಹೊರುವ ಶಕ್ತಿ ಹೋಗಿತ್ತು, ಕಸಬರಿಗೆ ತೆಗೆದುಕೊಂಡು ಕಟ್ಟೆ ಗುಡಿಸಿ ಆಮೇಲೆ ಕೂರುತ್ತಿದ್ದರು. ನಾನು, ಇನ್ನಿಬ್ಬರು ಮುದಿ ಹಮಾಲರು, ಸವಣೂರಿನಿಂದ ಬಸ್ಸು ಹತ್ತಿ ಬರುವ ಒಬ್ಬ ಹಳೆಯ ಗೆಳೆಯ. "ಇಷ್ಟ ಮಂದಿ ಇದ್ರೂ ಸಭಾನ" ಎನ್ನುತ್ತಿದ್ದರು. ಅಂಗನವಾಡಿಯವರ ಸಂಘದಲ್ಲಿ ನಾನು ಭಾಷಣ ಮಾಡಿದೆ ಎಂದು ಒಮ್ಮೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಏನ್ ಕೆಲಸ ಮಾಡಿ ಮಾತಾಡ್ದಿ?" ಬಂದವರಿಗೆಲ್ಲ ಉಪ್ಪಿಟ್ಟು ಮಾಡಿಟ್ಟು ಮಾತಾಡಿದೆ ಎಂದೆ. "ಹಂಗಾರ ಆತು" ಎಂದು ಡಬ್ಬಿಯಲ್ಲಿ ಉಗುಳಿದರು.

ಹೋದ ಮಳೆಗಾಲದಲ್ಲಿ ತೀರಿಕೊಂಡರು. ಪೇಟೆಯ ಬಾಗಿಲಿಗೆ ಫ್ಲೆಕ್ಸ್ ಬಿತ್ತು. ಅದರಲ್ಲಿ ಸತ್ತವರ ಮುಖ ಬೆರಳುಗುರಿನಷ್ಟು. ಈಗಿನ ಅಧ್ಯಕ್ಷನ ಮುಖ ಕರಿಕನ್ನಡಕದ ಸಮೇತ ಆಳೆತ್ತರ. ಹಾದಿಯಲ್ಲಿ ನಿಂತು ಅದನ್ನು ನೋಡಿ ನಾನೇ ಉಗುಳಿದೆ. ಅವತ್ತು ಮೊದಲ ಸಲ ಅವರ ಚಟ ನನಗೆ ಅರ್ಥವಾಯಿತು.

ಚಟ್ಟ ಎತ್ತುವ ಹೊತ್ತಿಗೆ ಈಗಿನ ಅಧ್ಯಕ್ಷ ಬಂದ, ಬಲಗಡೆ ಮುಂದಿನ ಹೆಗಲು ಕೊಟ್ಟ. ಮೊಬೈಲು ಹಿಡಿದ ಹುಡುಗರು ಹಿಂದುಹಿಂದಕ್ಕೆ ನಡೆಯುತ್ತ ಫೋಟೋ ತೆಗೆದರು. ಮಸಾರಿ ಹೊಲದ, ಕೆಂಪು ಮಣ್ಣಿನ ತಿರುವಿನಲ್ಲಿ ಕೆಸರು ಬಂತು. ಅವನು ಬೂಟು ನೋಡಿಕೊಂಡ. "ಯಾರರೆ ಹಿಡಕೊಳ್ರಪಾ" ಎಂದು ಹೆಗಲು ತಪ್ಪಿಸಿ ಕಾರಿನತ್ತ ನಡೆದೇಬಿಟ್ಟ. ಚಟ್ಟ ಒಂದು ಬದಿಗೆ ವಾಲಿತು. ಹತ್ತಿರದಲ್ಲಿದ್ದವಳು ನಾನು. ಹೆಂಗಸರು ಹೆಗಲು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಬೀಳುವುದನ್ನು ನೋಡುತ್ತ ನಿಲ್ಲುವ ಪದ್ಧತಿಯೂ ಇಲ್ಲವಲ್ಲ. ಸೆರಗು ಸಿಕ್ಕಿಸಿ ಹೆಗಲು ಕೊಟ್ಟೆ. ಪಕ್ಕದ ಮುದಿ ಹಮಾಲ ನನ್ನ ಕಡೆ ನೋಡಿ, "ಸಾವಕಾಶ ನಡೀ ತಂಗಿ, ಜಾರತೈತಿ" ಎಂದ, ಅಷ್ಟೆ. ಕೆಸರು ದಾಟಿ, ದಿಬ್ಬ ಹತ್ತಿ, ಮಣ್ಣು ಮಾಡುವ ಜಾಗದವರೆಗೂ ಹೊತ್ತೆ.

ಅಲ್ಲಿ ಅವನು ಆಗಲೇ ಕಾರಿನಲ್ಲಿ ಬಂದು ನಿಂತಿದ್ದ. ಮಣ್ಣು ಕೊಟ್ಟದ್ದೇ ತಡ, ಗಂಟಲು ಸರಿಪಡಿಸಿಕೊಂಡು, "ಬಂಧುಗಳೇ" ಎಂದು ಶುರು ಮಾಡಿದ.

"ನಿಂದರ್ರಿ" ಎಂದೆ. "ನೀವು ನಡು ಹಾದ್ಯಾಗ ಹೆಗಲು ತಪ್ಪಿಸಿ ಬಂದೀರಿ. ಥಪ್ಪಿಗೆ ಹಚ್ಚಿಲ್ಲ. ಇವರ ಸಭಾದಾಗ ನಿಮಗ ಮಾತಿಲ್ರಿ."

ಅವನಿಗೆ ಏನೂ ತಿಳಿಯಲಿಲ್ಲ. ಅತ್ತಿತ್ತ ನೋಡಿದ. ಮುದಿ ಹಮಾಲ ತಲೆಯ ಮೇಲಿನ ಟವೆಲು ತೆಗೆದು, "ಖರೇ ಐತ್ರಿ, ಕಾಯಿದೆ ಹಂಗ ಐತಿ" ಎಂದ. ಹಿಂದಿನಿಂದ ಇನ್ನಷ್ಟು ದನಿಗಳು ಹೂಂಗುಟ್ಟಿದವು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಹೊತ್ತವಳು ನಾನು, ಕಾಯಿದೆಯ ಪ್ರಕಾರ ಮಾತು ನನ್ನದು.

ಬೈಯುವ ಮಾತುಗಳೆಷ್ಟೋ ಇದ್ದವು, ಅವನ್ನು ಬಿಟ್ಟೆ. ಹೆಗಲು ಉರಿಯುತ್ತಿತ್ತು. ಹಸಿ ಮಣ್ಣಿನ ಕಡೆ ನೋಡಿ, ಗೋದಾಮಿನ ಒಳಗಿನವರಿಗೆ ಕೇಳುವ ಹಾಗೆ ಕೂಗಿದೆ.

"ಹಚ್ಚೇನ್ರೀ ಅಧ್ಯಕ್ಷರ!"