ನಿಜವಾದ ಅಪ್ಪ ಯಾರು?

ಬೇಕರಿಯ ಕೆಲಸದಿಂದಲೇ ಅವನಿಗೆ ಬ್ರೆಡ್ಡಣ್ಣ ಎಂಬ ಹೆಸರು ಬಿದ್ದದ್ದು. ಮೊಣಕೈವರೆಗೆ ಒಲೆ ಸುಟ್ಟ ಕಲೆಗಳು. ಸ್ವಭಾವ ಮಾತ್ರ ಬೆಣ್ಣೆ. ಒಬ್ಬ ಬಸ್ ಮೆಕ್ಯಾನಿಕ್‌ನನ್ನು ತಾನು ನೆಲೆಸಿದ ದೇಶದ ಕಾಯ್ದೆ ಪ್ರಕಾರವೇ ಮದುವೆಯಾಗಿ, ಗ್ಯಾರೇಜಿನ ಮೇಲಿನ ಎರಡು ಕೋಣೆಗಳಲ್ಲಿ ಸಂಸಾರ ಹೂಡಿದ್ದ. ಆಮೇಲೆ ಒಂದು ಹೆಣ್ಣುಮಗುವನ್ನು ದತ್ತು ತೆಗೆದುಕೊಂಡರು. ಪುಟ್ಟಿಗೆ ಇವನು ಅಪ್ಪ, ಮೆಕ್ಯಾನಿಕ್ ಪಪ್ಪ. ಬೀದಿಯವರು ಮೊದಮೊದಲು ಕಣ್ಣರಳಿಸಿದರು, ಆಮೇಲೆ ಪುಟ್ಟಿಯ ಹುಟ್ಟುಹಬ್ಬಕ್ಕೆ ಕೇಕ್ ತಿನ್ನಲು ತಾವಾಗಿಯೇ ಬಂದರು.

ಬ್ರೆಡ್ಡಣ್ಣನ ತಾಯಿ ಇದ್ದದ್ದು ಗಡಿಯಾಚೆ, ಅವನು ಹುಟ್ಟಿದ ಊರಿನಲ್ಲಿ. ಇಷ್ಟು ವರ್ಷ ಅವನೊಬ್ಬನೇ ಹೋಗಿಬರುತ್ತಿದ್ದ. ಗಡಿ ಹತ್ತಿರವಾದಂತೆ ಮದುವೆಯ ಉಂಗುರ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಆದರೆ ಅಮ್ಮ ಫೋನಿನಲ್ಲಿ, "ಮೊಮ್ಮಗಳನ್ನ ಒಂದ್ಸಲ ಕಣ್ತುಂಬ ನೋಡ್ಬೇಕು ಕಣೋ" ಎಂದಳು. ಮೂವರೂ ಹೊರಟರು. ಉಂಗುರ ಬೆರಳಲ್ಲೇ ಉಳಿಯಿತು.

ತಪಾಸಣೆಯ ಕಿಟಕಿಯಲ್ಲಿದ್ದ ಅಧಿಕಾರಿ ಪಾಸ್‌ಪೋರ್ಟ್‌ಗಳನ್ನು ತಿರುವಿಹಾಕಿ, "ಇವರು ನಿಮಗೆ ಏನಾಗ್ಬೇಕು?" ಎಂದ.

"ನನ್ನ ಗಂಡ," ಎಂದ ಬ್ರೆಡ್ಡಣ್ಣ.

ಅಧಿಕಾರಿ ಪಕ್ಕದ ಮೇಜಿನವನನ್ನು ಕರೆದು ಕಿಸಕ್ಕನೆ ನಕ್ಕ. "ನಿಮ್ಮ ಕಡೆ ಏನ್ ಬೇಕಾದ್ರೂ ಆಗಿರ್ಲಿ. ಇಲ್ಲಿ ಒಂದು ಮಗುಗೆ ಒಬ್ಬನೇ ಅಪ್ಪ. ಯಾರು ಅಂತ ಹೇಳಿ, ಇನ್ನೊಬ್ರು ಆ ಸಾಲಿಗೆ ಹೋಗಿ."

"ಹೋಗ್ಲಿ ಬಿಡು, ನಾನೇ ಹೋಗ್ತೀನಿ," ಎಂದು ಮೆಕ್ಯಾನಿಕ್ ಚೀಲ ಎತ್ತಿಕೊಂಡ. ಬ್ರೆಡ್ಡಣ್ಣ ಅವನ ತೋಳು ಹಿಡಿದು ನಿಲ್ಲಿಸಿದ.

ಅಧಿಕಾರಿ ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಬಾಗಿ ಮಗುವನ್ನೇ ಕೇಳಿದ: "ಪುಟ್ಟಿ, ಇವರಲ್ಲಿ ನಿಜವಾದ ಅಪ್ಪ ಯಾರಮ್ಮ?"

ಪುಟ್ಟಿ ಇಬ್ಬರನ್ನೂ ತೋರಿಸಿದಳು. ಕಿಟಕಿಯೊಳಗೆ ಮತ್ತೆ ನಗು. ಮಗುವಿನ ಮುಖ ಬಾಡಿತು. "ತಪ್ಪು ಹೇಳಿದ್ನಾ ಅಪ್ಪಾ?"

ಬ್ರೆಡ್ಡಣ್ಣ ಅವಳನ್ನು ಎತ್ತಿಕೊಂಡ. "ಇಲ್ಲ ಕಂದ, ಸರಿಯಾಗೇ ಹೇಳ್ದೆ. ಕೇಳಿದವನದ್ದು ತಪ್ಪು," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಪಾಸ್‌ಪೋರ್ಟ್‌ಗಳನ್ನು ಕಸಿದುಕೊಂಡು ಹಿಂತಿರುಗಿದ.

ಈಚೆಯ ಚಹಾ ಅಂಗಡಿಯಲ್ಲಿ ಕುಳಿತು ಅಮ್ಮನಿಗೆ ಫೋನ್ ಮಾಡಿದ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಮಂಡಿನೋವಿನ ಆ ಮುದುಕಿ ಬಸ್ಸು ಹಿಡಿದು ಬಂದೇಬಿಟ್ಟಳು. ಅದೇ ಕಿಟಕಿಯ ಮುಂದೆ ಅವಳ ದನಿ ಅಂಗಡಿವರೆಗೂ ಕೇಳಿತು: "ನನ್ನ ಮಗ ಮಾಡ್ಕೊಂಡಿರೋ ಸಂಸಾರ ನನಗೂ ಅರ್ಥ ಆಗಲ್ಲ ಕಣಯ್ಯಾ. ಆದ್ರೆ ಹಸುಗೂಸನ್ನ ನಿಲ್ಸಿ ಹಂಗೆ ಕೇಳೋದಕ್ಕೆ ನಿನಗೆ ನಾಚ್ಕೆ ಆಗ್ಲಿಲ್ವಾ?"

ಗಡಿ ದಾಟಿ ಅಂಗಡಿಗೆ ಬಂದವಳು ಸಂಜೆವರೆಗೂ ಮೊಮ್ಮಗಳನ್ನು ಮಡಿಲಿಂದ ಇಳಿಸಲಿಲ್ಲ. ಹೊರಡುವಾಗ ಮೆಕ್ಯಾನಿಕ್ ಕಡೆ ತಿರುಗಿ, "ಬರ್ತೀನಪ್ಪ, ಹುಷಾರು," ಎಂದಳು. ಅವನೊಂದಿಗೆ ಅವಳಾಡಿದ ಮೊದಲ ಮಾತು ಅದು.

ಬ್ರೆಡ್ಡಣ್ಣ ದೂರು ಕೊಟ್ಟ. ಎಲ್ಲವೂ ನಿಯಮದಂತೆಯೇ ನಡೆದಿದೆ ಎಂದು ಉತ್ತರ ಬಂತು. ಮಗುವಿನ ಬಾಯಲ್ಲಿ ಅಪ್ಪನನ್ನು ಅಲ್ಲಗಳೆಯಿಸಬೇಕೆಂದು ಯಾವ ನಿಯಮದಲ್ಲಿದೆಯೋ!

ಈಗ ಹೊಸಬರು ಯಾರಾದರೂ ಮನೆಯವರ ಬಗ್ಗೆ ವಿಚಾರಿಸಿದರೆ, ಪುಟ್ಟಿ ಬಾಯಿ ತೆರೆಯುವ ಮೊದಲು ಅಪ್ಪನ ಮುಖ ನೋಡುತ್ತಾಳೆ. ಆಗೆಲ್ಲ ಬ್ರೆಡ್ಡಣ್ಣನ ಮೈ ಉರಿಯುತ್ತದೆ.